ನಲವತ್ತೆಂಟು ಗಂಟೆ

ತಿಪ್ಪೇಸ್ವಾಮಿ ಒಳಗೆ ಸೇರಿ ಆ ಆಷಾಢಕ್ಕೆ ಏಳು ವರ್ಷ ತುಂಬಿತು.

ಒಳಗೆಂದರೆ ಜೈಲಲ್ಲ, ಆಸ್ಪತ್ರೆಯೂ ಅಲ್ಲ. ಹಿರಿಯೂರಿನಿಂದ ನಾಲ್ಕು ಮೈಲಿ ಆಚೆ, ಚರ್ಮರೋಗ ಸಂಶೋಧನಾ ಕೇಂದ್ರದ ವಸತಿಗೃಹಗಳ ಸಾಲಿನಲ್ಲಿ ಅವನ ಹೆಂಡತಿ ಡಾಕ್ಟರ್ ಪಂಕಜಾಕ್ಷಿಗೆ ಕೊಟ್ಟಿದ್ದ ಮನೆ. ಕಿಟಕಿಗಳಿಗೆಲ್ಲ ತೆರೆಯಲಾಗದ ಗಾಜು ಕೂರಿಸಿ ಅಂಚಿಗೆ ರಬ್ಬರ್ ಮೆತ್ತಿದ್ದರು. ಒಂದು ಯಂತ್ರ ಗಾಳಿಯನ್ನು ಸೋಸಿ ಒಳಗೆ ಬಿಡುತ್ತಿತ್ತು. ಬಾಗಿಲು ಎರಡು, ನಡುವೆ ಒಂದು ಸಣ್ಣ ಕೋಣೆ. ಸಂಜೆ ಕೆಲಸದಿಂದ ಬಂದ ಪಂಕಜಾಕ್ಷಿ ಅಲ್ಲಿ ಉಟ್ಟಿದ್ದನ್ನೆಲ್ಲ ಬಿಚ್ಚಿ ಮುಚ್ಚಳದ ಡಬ್ಬಿಗೆ ಹಾಕಿ, ತಲೆಗೆ ಸ್ನಾನ ಮಾಡಿ, ಒಳಗಿನ ಬಟ್ಟೆ ಹಾಕಿಕೊಂಡು ಎರಡನೆಯ ಬಾಗಿಲು ತೆರೆಯಬೇಕು. ಕೂದಲಲ್ಲಿ ಪರಾಗ ಅಡಗಿ ಕೂರುತ್ತದೆಂದು ಎರಡನೆಯ ವರ್ಷವೇ ಅವಳು ಮಾರುದ್ದದ ಜಡೆಯನ್ನು ಕಿವಿಮಟ್ಟಕ್ಕೆ ಕತ್ತರಿಸಿಕೊಂಡಿದ್ದಳು. ಆದರೂ ಅವಳು ಮುಟ್ಟಿದ ಎರಡು ದಿನಕ್ಕೆ ಅವನ ಮುಂಗೈ ಕೆಂಪಾದದ್ದುಂಟು. ಅದು ಯಾವ ಹೊತ್ತಿನ ಯಾವ ಸ್ಪರ್ಶವಿರಬಹುದೆಂದು ಇಬ್ಬರೂ ನೆನಪು ಮಾಡಿಕೊಳ್ಳುತ್ತ ಕೂರುತ್ತಿದ್ದರು. ಬರಬರುತ್ತ ಮುಟ್ಟುವುದೇ ಕಡಿಮೆಯಾಯಿತು. ಮಲಗುವ ಕೋಣೆಗಳು ಬೇರೆಯಾದವು. ಹೀಗೆ ಮಾಡೋಣವೆಂದು ಯಾರೂ ಹೇಳಲಿಲ್ಲ, ತಾನಾಗಿ ಆಯಿತು.

ಇಷ್ಟಕ್ಕೆಲ್ಲ ಕಾರಣ ಒಂದು ಕಳೆ. ಕಾಂಗ್ರೆಸ್ ಗಿಡವೆಂದು ಜನ ಕರೆಯುವ, ಅಕ್ಕಿನುಚ್ಚು ಚೆಲ್ಲಿದಂತೆ ಬಿಳಿ ಹೂ ಬಿಡುವ ಪಾರ್ಥೇನಿಯಂ. ಅದೇನೂ ಹೊಸದಲ್ಲ. ರಸ್ತೆಬದಿ, ರೈಲ್ವೆ ಹಳಿ, ಪಾಳುಬಿದ್ದ ಸೈಟು, ಎಲ್ಲೆಲ್ಲೂ ಮೊದಲಿನಿಂದ ಇತ್ತು. ಕೆಲವರಿಗೆ ಅದರಿಂದ ತುರಿಕೆಯಾಗುವುದೂ ಹಳೆಯ ಸಂಗತಿಯೇ. ಆದರೆ ಮಳೆ ತನ್ನ ಕಾಲ ಮರೆತು ಹನ್ನೆರಡು ತಿಂಗಳೂ ಅಲ್ಲಿಷ್ಟು ಇಲ್ಲಿಷ್ಟು ಬೀಳತೊಡಗಿದ ಮೇಲೆ ಗಿಡಕ್ಕೂ ಬಿಡುವು ಎಂಬುದೇ ಇಲ್ಲವಾಯಿತು. ವರ್ಷಪೂರ್ತಿ ಹೂ, ವರ್ಷಪೂರ್ತಿ ಗಾಳಿಯಲ್ಲಿ ಅದರ ಪುಡಿ. ಬಯಲುಸೀಮೆಯಲ್ಲಿ ಮೂವತ್ತಕ್ಕೆ ಒಬ್ಬರ ಮೈ ಅದನ್ನು ಸಹಿಸದಾಯಿತು. ಮುಖ ಊದಿ, ಚರ್ಮ ತೊಗಟೆಯಂತೆ ದಪ್ಪಗಾಗಿ ಬಿರಿದು, ನೀರು ಸೋರಿ, ಅವರು ಒಬ್ಬೊಬ್ಬರಾಗಿ ಮನೆಯೊಳಗೆ ಸೇರಿಕೊಂಡರು. ಸರ್ಕಾರ ಅವರಿಗೆ ಒಳವಾಸಿಗಳು ಎಂದು ಹೆಸರಿಟ್ಟು ಗಾಳಿಯಂತ್ರ ಕೊಟ್ಟಿತು, ಕೆಲವರಿಗೆ ಕೇಂದ್ರದ ವಸತಿಗೃಹಗಳಲ್ಲೇ ಮನೆ ಕೊಟ್ಟಿತು. ಲೋಕ ಅದಕ್ಕೂ ಒಗ್ಗಿಕೊಂಡಿತು. ಹೆಣ್ಣು ನೋಡಲು ಬಂದವರು ಜಾತಕದ ಜೊತೆ ಚರ್ಮಪರೀಕ್ಷೆಯ ಚೀಟಿಯನ್ನೂ ಕೇಳತೊಡಗಿದರು. ಲಗ್ನಪತ್ರಿಕೆಯ ಕೆಳಗೆ, ಒಳವಾಸಿ ಬಂಧುಗಳು ಇದ್ದಲ್ಲಿಂದಲೇ ಹರಸಬೇಕು ಎಂಬ ಸಾಲು ಅಚ್ಚಾಗತೊಡಗಿತು. ತಿಪ್ಪೇಸ್ವಾಮಿ ತನ್ನ ತಾಯಿಯನ್ನು ಮಣ್ಣು ಮಾಡಿದ್ದನ್ನು ಮೊಬೈಲಿನಲ್ಲಿ ನೋಡಿದ್ದ. ನಡುವೆ ಎರಡು ಸಲ ಚಿತ್ರ ನಿಂತುಹೋಗಿತ್ತು.

ಅವನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಇಪ್ಪತ್ತಾರು ವರ್ಷ ಬಿಸಿಲಲ್ಲೇ ನಿಂತು ಖೋ-ಖೋ ಆಡಿಸಿದವನು. ಮೈದಾನದ ಅಂಚಿನ ಕಳೆಯನ್ನು ಹುಡುಗರ ಕೈಯಲ್ಲಿ ಕೀಳಿಸಬಾರದೆಂದು ತಾನೇ ಬರಿಗೈಯಲ್ಲಿ ಕೀಳುತ್ತಿದ್ದ. ಅವನಿಗೆ ರೋಗ ಹತ್ತಿದ ಮೊದಲ ವರ್ಷ, ಕರಾವಳಿಯ ಯಾವುದಾದರೂ ಶಾಲೆಗೆ ವರ್ಗ ಮಾಡಿಸಿಕೊಂಡು ಹೋಗಿಬಿಡುತ್ತೇನೆ ಎಂದಿದ್ದ. ಆಗಿನ್ನೂ ಸಮುದ್ರದ ದಡಕ್ಕೆ ಗಿಡ ಅಷ್ಟಾಗಿ ಇಳಿದಿರಲಿಲ್ಲ. ಪಂಕಜಾಕ್ಷಿಯೇ ಬೇಡವೆಂದಳು. ಇನ್ನೊಂದು ವರ್ಷ ತಡೆಯಿರಿ, ನನ್ನ ಕೆಲಸ ಒಂದು ಹಂತಕ್ಕೆ ಬರುತ್ತದೆ ಎಂದಳು. ಮರುವರ್ಷವೂ ಅದನ್ನೇ ಹೇಳಿದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ; ಪ್ರತಿ ವರ್ಷವೂ ನಿಜವಾಗಿ ಹಾಗೆಂದೇ ನಂಬಿದ್ದಳು. ಅಷ್ಟರೊಳಗೆ ಗಿಡ ಲಾರಿಗಳ ಚಕ್ರ ಹಿಡಿದು ಘಟ್ಟ ಇಳಿದು ಕರಾವಳಿಯನ್ನೂ ಮುಟ್ಟಿತ್ತು.

ಅವಳ ಕೆಲಸ ಗಿನಿಪಿಗ್‌ಗಳ ಜೊತೆ. ಪ್ರಾಣಿಗೃಹದಲ್ಲಿ ಇನ್ನೂರು ಗೂಡು. ಅವುಗಳನ್ನು ನೋಡಿಕೊಳ್ಳುವ ಓಬಳಮ್ಮ ಐವತ್ತು ದಾಟಿದ ಹೆಂಗಸು, ಓದು ಬಾರದಿದ್ದರೂ ಯಾವ ಪ್ರಾಣಿ ಹುಲ್ಲು ಬಿಟ್ಟಿದೆ, ಯಾವುದು ಗಬ್ಬವಾಗಿದೆ ಎಂಬುದನ್ನು ದೂರದಿಂದಲೇ ಹೇಳುವವಳು.

ಹಾವಿನ ವಿಷದ ಹಾಗೆ ಈ ರೋಗ ತಟ್ಟನೆ ಏರುವುದಿಲ್ಲ. ಗಿನಿಪಿಗ್‌ನ ಪಕ್ಕೆಯ ಕೂದಲು ಬೋಳಿಸಿ ಗಿಡದ ರಸ ಬಳಿದರೆ ಮೊದಲ ಸಲ ಏನೂ ಆಗುವುದಿಲ್ಲ. ಮೈ ಸುಮ್ಮನೆ ಗುರುತು ಹಿಡಿದಿಟ್ಟುಕೊಳ್ಳುತ್ತದೆ. ಎರಡು ವಾರ ಬಿಟ್ಟು ಅದೇ ರಸದ ಒಂದು ಹನಿಯನ್ನು ಕಿವಿಗೆ ಮುಟ್ಟಿಸಿದರೆ ಆ ದಿನವೂ ಏನಿಲ್ಲ. ಮರುದಿನ ಕೆಂಪು. ನಲವತ್ತೆಂಟು ಗಂಟೆಗೆ ಕಿವಿ ಎರಡರಷ್ಟು ದಪ್ಪ. ರಕ್ತದಲ್ಲಿರುವ ಕಾವಲು ಕೋಶಗಳು ಸುದ್ದಿ ತಿಳಿದು, ಒಟ್ಟುಗೂಡಿ, ಆ ಜಾಗಕ್ಕೆ ನಡೆದು ಬರಲು ಅಷ್ಟು ಹೊತ್ತು ಬೇಕು. ಪಂಕಜಾಕ್ಷಿಯ ಇಡೀ ಬದುಕು ಆ ನಲವತ್ತೆಂಟು ಗಂಟೆಗಳ ಕೊನೆಗೆ ಕಿವಿಯ ದಪ್ಪ ಅಳೆಯುವುದರಲ್ಲಿ ಕಳೆದಿತ್ತು.

ಆದರೆ ಮೈಯೊಳಗೆ ಹೊಡೆಯುವ ಕೋಶಗಳಷ್ಟೇ ಅಲ್ಲ, ತಡೆಯುವ ಕೋಶಗಳೂ ಇವೆ. ರಸ ಬಳಿಯುವ ಮೊದಲೇ ಪ್ರಾಣಿಗೆ ಅದೇ ರಸವನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತ ಬಂದರೆ ತಡೆಯುವ ಕೋಶಗಳು ಹೆಚ್ಚುತ್ತವೆ; ಆಮೇಲೆ ಕಿವಿ ಊದುವುದಿಲ್ಲ. ಆ ಕೋಶಗಳನ್ನು ತೆಗೆದು ಅದೇ ವಂಶದ ಇನ್ನೊಂದಕ್ಕೆ ಚುಚ್ಚಿದರೆ ಅದರ ಕಿವಿಯೂ ಊದುವುದಿಲ್ಲ. ಬರೀ ರಕ್ತದ ತಿಳಿ ಚುಚ್ಚಿದರೆ ಪ್ರಯೋಜನವಿಲ್ಲ, ಕೋಶಗಳೇ ಬೇಕು. ಇದನ್ನು ಓಬಳಮ್ಮನಿಗೆ ವಿವರಿಸಿದಾಗ ಅವಳು, ಜಗಳ ಬಿಡಿಸೋ ದೊಡ್ಡೋರು ಅನ್ನಿ, ಎಂದಿದ್ದಳು. ಅಂದಿನಿಂದ ಪ್ರಯೋಗಾಲಯದಲ್ಲಿ ಅವುಗಳ ಹೆಸರು ದೊಡ್ಡೋರು ಎಂದೇ ಆಯಿತು.

ಮನುಷ್ಯರಿಗೆ ಒಬ್ಬರ ಕೋಶ ಇನ್ನೊಬ್ಬರಿಗೆ ಆಗಿಬರುವುದಿಲ್ಲ. ರೋಗಿಯ ರಕ್ತವನ್ನೇ ತೆಗೆದು, ಅದರೊಳಗಿನ ತಡೆಯುವ ಕೋಶಗಳನ್ನು ಬೇರ್ಪಡಿಸಿ, ಗಿಡದ ಸಾರದ ಜೊತೆ ಮೂರು ವಾರ ಬೆಳೆಸಿ, ಪಳಗಿಸಿ ಹಿಂದಕ್ಕೆ ಕೊಡುವ ವಿಧಾನವನ್ನು ಪಂಕಜಾಕ್ಷಿ ಆರನೆಯ ವರ್ಷದ ಕೊನೆಗೆ ಕಂಡುಕೊಂಡಳು. ವರ್ಷಕ್ಕೊಂದು ಸಲ ಕೊಟ್ಟರೆ ಸಾಕೆನಿಸಿತು. ಅಂದು ಮನೆಗೆ ಬಂದು, ತಲೆಯ ನೀರು ಇನ್ನೂ ಇಳಿಯುತ್ತಿರುವಾಗಲೇ ಗಂಡನಿಗೆ ಹೇಳಿದಳು. ಅವನು ಎದ್ದು ಹೋಗಿ ಬೀರುವಿನಿಂದ ತನ್ನ ಕ್ಯಾನ್ವಾಸ್ ಶೂ ತೆಗೆದು ಅದರ ದಾರ ಬಿಚ್ಚಿ ತೊಳೆದು ಒಣಹಾಕಿದ.

ಮುನ್ನೆಚ್ಚರಿಕೆಗೆಂದು ಅವಳು ಇನ್ನೊಂದು ಪರೀಕ್ಷೆ ಮಾಡಿದಳು. ಕ್ಷಯರೋಗವನ್ನು ಮೈಯೊಳಗೆ ಮಲಗಿಸಿಡುವುದೂ ಇದೇ ಬಗೆಯ ನಿಧಾನದ ಕಾವಲು. ತೋಳಿಗೆ ಕ್ಷಯದ ಪರೀಕ್ಷೆಯ ಚುಚ್ಚುಮದ್ದು ಕೊಟ್ಟರೆ, ಕ್ಷಯವನ್ನು ಕಂಡ ಮೈಯಲ್ಲಿ ಎರಡು ದಿನಕ್ಕೆ ಗಂಟು ಏಳುವುದು ಅದೇ ಲೆಕ್ಕದಲ್ಲಿ. ಕ್ಷಯದ ಲಸಿಕೆ ಹಾಕಿ ಪಳಗಿಸಿದ ಕೋಶ ಕೊಟ್ಟ ಪ್ರಾಣಿಗಳಲ್ಲಿ ಆ ಗಂಟು ಏಳುತ್ತದೆಯೇ ನೋಡಿದಳು. ಶುದ್ಧ ಗಾಳಿಯಲ್ಲಿಟ್ಟವುಗಳಲ್ಲಿ ಎದ್ದಿತು. ಗಿಡದ ಪುಡಿಯಿದ್ದ ಗಾಳಿಯಲ್ಲಿಟ್ಟವುಗಳಲ್ಲಿ ಏಳಲಿಲ್ಲ. ಅಂದರೆ ಪುಡಿ ಸದಾ ಮೈಗೆ ತಾಗುತ್ತಿದ್ದರೆ ದೊಡ್ಡೋರೂ ಸದಾ ಎಚ್ಚರ. ಬೇಕಾದ ಜಗಳವಷ್ಟೇ ಅಲ್ಲದೆ ಪಕ್ಕದ ಜಗಳವನ್ನೂ ಬಿಡಿಸಿಬಿಡುತ್ತಾರೆ. ಕಳ್ಳನನ್ನು ಹಿಡಿದ ಕಾವಲುಗಾರನ ಕೈಯನ್ನೂ ಹಿಡಿದು ನಿಲ್ಲಿಸಿಬಿಡುತ್ತಾರೆ. ಕ್ಷಯದ ರೋಗಾಣುಗಳನ್ನು ಇಟ್ಟುಕೊಳ್ಳುವ ಅನುಮತಿ ಅವಳ ಕೇಂದ್ರಕ್ಕಿರಲಿಲ್ಲ. ಬೇರೆ ಊರಿನ ಭದ್ರ ಪ್ರಯೋಗಾಲಯವೊಂದರಲ್ಲಿ, ಮೈಯೊಳಗೆ ಕ್ಷಯ ಮಲಗಿದ್ದ ಎಂಟು ಪ್ರಾಣಿಗಳಿಗೆ ಕೋಶ ಕೊಟ್ಟು, ಪುಡಿಯ ಗಾಳಿಯಲ್ಲಿಟ್ಟು ಪ್ರಯೋಗ ಮಾಡಿಸಿದಳು. ಐದು ತಿಂಗಳಿಗೆ ವರದಿ ಬಂತು. ಎಂಟರಲ್ಲಿ ಆರರ ಶ್ವಾಸಕೋಶ ತುಂಬ ಕ್ಷಯದ ಬಿಳಿ ಕಾಳು.

ವರದಿಯನ್ನು ಅವಳು ನಿಂತುಕೊಂಡೇ ಓದಿದಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಾಸ್ಟೆಲ್ಲಿನಲ್ಲಿದ್ದಾಗ ತಿಪ್ಪೇಸ್ವಾಮಿಗೆ ಕ್ಷಯವಾಗಿತ್ತು. ಮದುವೆಗೆ ಮುಂಚೆ ಅವನೇ ಬಂದು ಹೇಳಿದ್ದ. ಸಾಮಾನ್ಯ ಔಷಧಿಗೆ ಬಗ್ಗದ ಜಾತಿಯದು; ಎರಡು ವರ್ಷ ಮಾತ್ರೆ, ಇಂಜೆಕ್ಷನ್ನು ಎಂದು ನವೆದು ಕಡೆಗೆ ವಾಸಿಯಾಗಿದ್ದ. ಬಲಗಡೆ ಶ್ವಾಸಕೋಶದ ಮೇಲೆ ರೂಪಾಯಿಯಗಲದ ಕಲೆ ಇನ್ನೂ ಇತ್ತು.

ಅಂದು ಸಂಜೆ ಅವಳು ಏನೂ ಹೇಳದೆ ಅವನ ಮುಂದೋಳಿಗೆ ಪರೀಕ್ಷೆಯ ಚುಚ್ಚುಮದ್ದು ಕೊಟ್ಟಳು. ಶುರುವಾಯಿತೇನೋ ಎಂದುಕೊಂಡು ಅವನು ಖುಷಿಯಾಗಿದ್ದ. ಆ ಎರಡು ದಿನ ಅವನು ಮಾತಾಡಿದ್ದಕ್ಕೆಲ್ಲ ಅವಳು ಹೂಂಗುಟ್ಟಿದಳು. ಮೂರನೆಯ ದಿನ ಕಿಟಕಿಯ ಬೆಳಕಿಗೆ ತೋಳು ಹಿಡಿದು ಗಂಟಿನ ಅಗಲ ಅಳೆದಳು. ಅವನು ಅಳತೆಪಟ್ಟಿಯನ್ನು ನೋಡಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದ.

"ಎಷ್ಟು?"

"ಹತ್ತೊಂಬತ್ತು ಮಿಲಿಮೀಟರ್."

"ಒಳ್ಳೇದೋ ಕೆಟ್ಟದ್ದೋ?"

"ಬೇರೆ ದಿನ ಆಗಿದ್ರೆ ಒಳ್ಳೇದು ಅಂತಿದ್ದೆ. ನಿಮ್ಮ ಮೈ ಇನ್ನೂ ಕಾವಲು ಕಾಯ್ತಾ ಇದೆ ಅಂತ ಅರ್ಥ."

ಆಮೇಲೆ ಎಲ್ಲವನ್ನೂ ಹೇಳಿದಳು. ಕ್ಷಯಕ್ಕೆ ಮತ್ತೆ ಔಷಧಿ ತೆಗೆದುಕೊಂಡರಾಯಿತಲ್ಲ ಎಂದು ಅವನು ಕೇಳಿದ. ನಿಮ್ಮದು ಔಷಧಿಗೆ ಬಗ್ಗುವ ಜಾತಿಯಲ್ಲ, ಅದನ್ನು ಇಷ್ಟು ವರ್ಷ ಮಲಗಿಸಿರುವುದು ಔಷಧಿಯಲ್ಲ, ನಿಮ್ಮ ಕಾವಲೇ ಎಂದು ಅವಳು ಹೇಳಿದಳು.

"ಆದ್ರೂ ಕೊಟ್ಬಿಡು ಪಂಕಜ. ಒಂದು ವರ್ಷ ಹೊರಗೆ ಓಡಾಡ್ಕೊಂಡಿದ್ದು ಸಾಯ್ತೀನಿ. ಎಲ್ಲಿ ಬೇಕಾದ್ರೂ ಸಹಿ ಹಾಕ್ಕೊಡ್ತೀನಿ."

"ನನ್ನ ಕೈಯಲ್ಲಿ ಆಗಲ್ಲ."

"ನಿನ್ನ ಕೈಯಲ್ಲಿ ಆಗುತ್ತೆ ಅಂತ್ಲೇ ಅಲ್ವಾ ನಾನು ಏಳು ವರ್ಷ ಕೂತಿದ್ದು."

ಅವನು ದನಿಯೇರಿಸಿ ಹೇಳಲಿಲ್ಲ.

ಕ್ಷಯದ ಗಂಟು ಏಳದವರನ್ನಷ್ಟೇ ಆರಿಸಿ ಚಿಕಿತ್ಸೆ ಶುರುಮಾಡಿದರು. ಮೊದಲು ಹೊರಗೆ ಬಂದವಳು ಅದೇ ಸಾಲಿನ ಮೂರನೆಯ ಮನೆಯ ಟೈಲರ್ ಸಾಬೀರಾಬಿ. ಐದು ವರ್ಷದ ಮೇಲೆ ರಸ್ತೆಗಿಳಿದ ಅವಳು ಮಾಡಿದ ಮೊದಲ ಕೆಲಸವೆಂದರೆ ಗೇಟಿನ ಪಕ್ಕದ ಗಿಡವನ್ನು ಬೇರುಸಮೇತ ಕಿತ್ತು ಅದನ್ನು ಹಿಡಿದುಕೊಂಡೇ ನಿಂತದ್ದು. ಎರಡು ದಿನ ಕಳೆದರೂ ಅಂಗೈಯಲ್ಲಿ ಒಂದು ಗುಳ್ಳೆಯಿಲ್ಲ. ಪಂಕಜಾಕ್ಷಿಯ ಕೈಗೆ ಮುತ್ತಿಟ್ಟು ಅತ್ತಳು. ಜಿಲ್ಲೆಯ ನಾಲ್ಕು ಮೂಲೆಯಿಂದ ಜನ ಬಂದರು. ಪ್ರತಿ ರೋಗಿಯ ಕೋಶವನ್ನೂ ಬೇರೆ ಬೇರೆಯಾಗಿ ಪಳಗಿಸಬೇಕು. ಅದರ ಹದ ಕೈಯರಿತವಳು ಅವಳೊಬ್ಬಳೇ. ಒಂದು ಭಾನುವಾರವೂ ಅವಳಿಗೆ ಬಿಡುವಿಲ್ಲದಾಯಿತು.

ಮನೆಯಲ್ಲಿ ತಿಪ್ಪೇಸ್ವಾಮಿ ಮುನಿದಿರಲಿಲ್ಲ. ಅನ್ನ ಮಾಡಿಡುತ್ತಿದ್ದ, ಅವಳು ಬಂದಾಗ ಬಡಿಸುತ್ತಿದ್ದ. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು, ಎದುರುಸಾಲಿನ ಕಿಟಕಿಗಳ ಗಾಜು ಒಂದೊಂದಾಗಿ ಬಿಚ್ಚಿ ಕೆಳಗಿಳಿಯುವುದನ್ನು ನೋಡುತ್ತಿದ್ದ. ಇಷ್ಟು ವರ್ಷ ಹಗಲೆಲ್ಲ ಫೋನಿನಲ್ಲಿ ಅವನ ಜೊತೆ ಚದುರಂಗ ಆಡುತ್ತಿದ್ದ, ಹರಟುತ್ತಿದ್ದ ಒಳವಾಸಿಗಳಿಗೆ ಈಗ ಹೊಲವಿತ್ತು, ಅಂಗಡಿಯಿತ್ತು, ಮೊಮ್ಮಕ್ಕಳಿದ್ದರು. ಕೆಲವರು ನಾಚಿಕೆಯಿಂದಲೇ ಫೋನು ಮಾಡುತ್ತಿರಲಿಲ್ಲ. ಅವನ ಹಾಗೆ ಗಂಟು ಎದ್ದು ಉಳಿದವರು ಬಹಳ ಜನವಿದ್ದರು. ಆದರೆ ಅವರ ಹತ್ತಿರ ಮಾತಾಡಲು ಏನೂ ಉಳಿದಿರಲಿಲ್ಲ. ತನ್ನ ಗೆಲುವೇ ಗಂಡನ ಸುತ್ತಲಿನ ಬೀದಿಯನ್ನು ಖಾಲಿ ಮಾಡುತ್ತಿದೆ ಎಂಬುದು ಪಂಕಜಾಕ್ಷಿಗೆ ಕಾಣುತ್ತಿತ್ತು. ಅದನ್ನು ಯಾರಲ್ಲಿ ಹೇಳಿಕೊಳ್ಳುವುದು? ಎಲ್ಲರೂ ಅವಳಿಗೆ ಕೈಮುಗಿಯುವವರೇ.

ಕಾರ್ತಿಕದಲ್ಲಿ ಒಂದು ಸಂಜೆ ಊಟವಾದ ಮೇಲೆ ಅವನು ಪತ್ರಿಕೆಯ ತುಂಡೊಂದನ್ನು ಮೇಜಿನ ಮೇಲಿಟ್ಟ. ಹೊನ್ನಾವರದಿಂದ ದೋಣಿಯಲ್ಲಿ ಒಂದೂವರೆ ಗಂಟೆ ದೂರದ ಬೆಳ್ಳಿಕಲ್ಲು ಎಂಬ ನಡುಗಡ್ಡೆಯಲ್ಲಿ ಸಮುದ್ರದ ಮಟ್ಟ ಅಳೆಯುವ ಒಂದು ಠಾಣೆಯಿತ್ತು. ಯಂತ್ರದ ಅಳತೆ ಸರಿಯಿದೆಯೇ ಎಂದು ದಿನಕ್ಕೆ ಮೂರು ಸಲ ಕಣ್ಣಾರೆ ನೋಡಿ ಬರೆದಿಡಲು, ಒಂಟಿಯಾಗಿ ಇರಬಲ್ಲ ಒಬ್ಬರು ಬೇಕಾಗಿದ್ದರು. ಅವನು ಆಗಲೇ ಅರ್ಜಿ ಹಾಕಿ, ಫೋನಿನಲ್ಲೇ ಸಂದರ್ಶನ ಮುಗಿಸಿದ್ದ.

"ಅಲ್ಲಿ ಬರೀ ಕಲ್ಲು, ಉಪ್ಪುಗಾಳಿ. ಗಿಡ ಇಲ್ವಂತೆ," ಎಂದ. "ಒಂಟಿಯಾಗಿದ್ದು ಅಭ್ಯಾಸ ಇದೆಯಾ ಅಂತ ಕೇಳಿದ್ರು. ಇದೆ ಅಂದೆ. ಕೆಲಸ ಕೊಟ್ರು."

ಅವಳು ಅಲ್ಲಿಯ ಗಾಳಿಯ ವರದಿ ತರಿಸಿ ನೋಡಿದಳು. ದಡದಿಂದ ಗಾಳಿ ಬೀಸುವ ದಿನ ಏನಾಗುತ್ತದೋ ಹೇಳಲಾಗದು ಎಂದಳು. ಹೋಗಿ ನೋಡಿದರೆ ಗೊತ್ತಾಗುತ್ತದೆ, ಒಗ್ಗಿದರೆ ಅಲ್ಲೇ ಉಳಿಯುತ್ತೇನೆ ಎಂದು ಅವನು ಹೇಳಿದ. ಅವಳು ಮೂರು ದಿನ ರಜೆ ಹಾಕಿದಳು.

ಮೈತುಂಬ ಮುಚ್ಚಿದ ಉಡುಪು, ಮುಖಕ್ಕೆ ಗಾಳಿ ಸೋಸುವ ಮುಸುಕು ಹಾಕಿಕೊಂಡು ಅವನು ಗಾಜು ಏರಿಸಿದ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತ. ನಡುರಾತ್ರಿಗೇ ಹೊರಟರು, ಅವಳು ಓಡಿಸಿದಳು. ಶಿವಮೊಗ್ಗ ದಾಟಿ ಘಟ್ಟ ಇಳಿಯುವವರೆಗೂ, ಕತ್ತಲಲ್ಲೂ, ಅವನು ಕಿಟಕಿಯಿಂದ ಮುಖ ತೆಗೆಯಲಿಲ್ಲ. ಬೈಂದೂರಿನ ಕಡೆಯ ಜಟ್ಟಿ ಎಂಬ ದೋಣಿಯವನು ಅವರನ್ನು ನಡುಗಡ್ಡೆಗೆ ಮುಟ್ಟಿಸಿ, ನಾಡಿದ್ದು ಬೆಳಿಗ್ಗೆ ಬರುತ್ತೇನೆಂದು ಹೇಳಿ ಹಿಂತಿರುಗಿದ. ಅಲ್ಲಿದ್ದದ್ದು ಎರಡು ಕೋಣೆಯ ಕಲ್ಲುಮನೆ, ನೀರಿನ ತೊಟ್ಟಿ, ಬಂಡೆಗೆ ಬಿಗಿದ ಅಳತೆಗಂಬ, ಹಿಂಡು ಹಿಂಡು ಕಡಲಹಕ್ಕಿ. ಹಾಕಿಕೊಂಡಿದ್ದ ಬಟ್ಟೆಯನ್ನೆಲ್ಲ ಇಬ್ಬರೂ ಚೀಲದಲ್ಲಿ ಕಟ್ಟಿಟ್ಟು ಸಮುದ್ರದಲ್ಲಿ ಮುಳುಗಿ ಮಿಂದರು. ಪೊಟ್ಟಣದಿಂದ ಆಗಷ್ಟೇ ತೆಗೆದ ಹೊಸ ಬಟ್ಟೆ ಹಾಕಿಕೊಂಡರು. ತಿಪ್ಪೇಸ್ವಾಮಿ ಮುಸುಕಿಲ್ಲದ ಮುಖವನ್ನು ಗಾಳಿಗೊಡ್ಡಿ ಕಣ್ಣುಮುಚ್ಚಿ ನಿಂತ. ಬೆಳಿಗ್ಗೆ ಹತ್ತು ಗಂಟೆಯಾಗಿತ್ತು. ಅವಳು ಕೈಗಡಿಯಾರ ನೋಡಿಕೊಂಡಳು.

ಆ ಎರಡು ದಿನ ಅವಳ ಮೈಮೇಲೆ ಪರಾಗವಿರಲಿಲ್ಲ. ಜಾರುವ ಬಂಡೆಯ ಮೇಲೆ ಅವನು ಸಹಜವೆಂಬಂತೆ ಕೈಚಾಚಿದ, ಅವಳು ಹಿಡಿದುಕೊಂಡಳು. ಅವನ ಅಂಗೈ ಅವಳು ನೆನೆದಿದ್ದಕ್ಕಿಂತ ಒರಟಾಗಿತ್ತು. ನಡುಗಡ್ಡೆಯನ್ನು ಸುತ್ತಲು ಇಪ್ಪತ್ತೇ ನಿಮಿಷ. ಅವನು ಮೊದಲ ದಿನ ಒಂಬತ್ತು ಸುತ್ತು ಹಾಕಿದ. ಮಧ್ಯಾಹ್ನದ ಊಟವಾದ ಮೇಲೆ ಅವಳ ಕತ್ತರಿಸಿದ ಕೂದಲ ಮೇಲೆ ಕೈಯಾಡಿಸಿ, ನರೆ ಬಂದಿದೆಯಲ್ಲ ಎಂದ. ಬಂದು ಮೂರು ವರ್ಷವಾಯಿತು ಎಂದಳು. ಹತ್ತಿರದಿಂದ ನೋಡಿರಲಿಲ್ಲ ಎಂದ.

ಮೂರನೆಯ ದಿನ ಬೆಳಿಗ್ಗೆ ಅವಳು ಅವನನ್ನು ಬಾಗಿಲ ಬೆಳಕಿಗೆ ಕೂರಿಸಿದಳು. ಕಣ್ಣರೆಪ್ಪೆ, ಕಿವಿಯ ಹಿಂದೆ, ಕತ್ತಿನ ಮಡಿಕೆ, ಮೊಣಕೈಯ ಒಳಮಗ್ಗುಲು, ಎಲ್ಲವನ್ನೂ ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದಳು. ಎಲ್ಲಿಯೂ ಕೆಂಪಿಲ್ಲ. ಹಳೆಯ ಒರಟು ಚರ್ಮದ ಅಂಚಿನಲ್ಲಿ ತುರಿಕೆಯ ಗುರುತೂ ಇಲ್ಲ. ಇಷ್ಟು ವರ್ಷದಲ್ಲಿ ಸಾವಿರಾರು ಕಿವಿಗಳನ್ನು ಅಳೆದವಳಿಗೆ ಅಲ್ಲಿ ಅಳೆಯುವುದಕ್ಕೆ ಏನೂ ಇರಲಿಲ್ಲ. ಅವಳ ಕೈ ಅವನ ಕತ್ತಿನ ಮೇಲೆಯೇ ಇತ್ತು.

"ನಾನೂ ಇಲ್ಲೇ ಇದ್ದುಬಿಡ್ಲಾ?" ಎಂದು ಕೇಳಿದಳು. ಕೇಳುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. "ಕೆಲಸಾನ ಯಾರಿಗಾದ್ರೂ ಕಲಿಸಿಕೊಟ್ಟು ಬರ್ತೀನಿ."

ಅವನು ಅವಳ ಕೈಯನ್ನು ಕತ್ತಿನಿಂದ ತೆಗೆದು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡ.

"ಬೇಡ ಪಂಕಜ. ನೀನು ಇದ್ರೆ ನಾನು ರೋಗಿಯಾಗೇ ಇರ್ತೀನಿ. ದಿನಾ ಬೆಳಿಗ್ಗೆ ಎದ್ದು ನೀನು ಮೊದಲು ನೋಡೋದು ನನ್ನ ಮುಖ ಅಲ್ಲ, ನನ್ನ ಚರ್ಮ. ನಿಂದು ತಪ್ಪು ಅಂತಲ್ಲ. ಈ ಎರಡು ದಿನದಲ್ಲಿ ಎಷ್ಟು ಸಲ ನೋಡಿದ್ಯೋ ಲೆಕ್ಕ ಇಟ್ಟಿದ್ಯಾ?"

ಅವಳು ಲೆಕ್ಕ ಇಟ್ಟಿದ್ದಳು. ಆರು ಗಂಟೆಗೊಂದು ಸಲದಂತೆ ಪುಸ್ತಕದಲ್ಲಿ ಬರೆದಿದ್ದಳು. ಮಲಗಿದ್ದಾಗಲೂ ಎದ್ದು ಟಾರ್ಚಿನಲ್ಲಿ ನೋಡಿದ್ದಳು. ಅವನಿಗೆ ಎಚ್ಚರವಿತ್ತೆಂದು ಈಗ ತಿಳಿಯಿತು.

"ಅಲ್ಲಿ ನಿನಗೋಸ್ಕರ ಕಾಯೋರು ಇದ್ದಾರೆ," ಎಂದ ಅವನು. "ಅವರಿಗೆ ನೀನು ಬೇಕು. ನನಗೆ ಸ್ವಲ್ಪ ದಿನ ಯಾರೂ ನೋಡದೆ ಇರೋದು ಬೇಕು. ಆಮೇಲೆ ನಾನೇ ಕರೀತೀನಿ. ಕರೀದಿದ್ರೆ ಬೇಜಾರು ಮಾಡ್ಕೋಬೇಡ."

ಜಟ್ಟಿಯ ದೋಣಿ ಒಂಬತ್ತೂಮುಕ್ಕಾಲಿಗೆ ಬಂತು. ಅಲೆ ಜಾಸ್ತಿಯಿದೆ, ಬೇಗ ಹತ್ತಿ ಎಂದು ಅವನು ಅವಸರ ಮಾಡಿದ. ತಿಪ್ಪೇಸ್ವಾಮಿ ಅವಳ ಚೀಲವನ್ನು ದೋಣಿಗಿಟ್ಟು, ಅವಳು ಹತ್ತುವಾಗ ಮೊಣಕೈ ಹಿಡಿದು ಆಸರೆ ಕೊಟ್ಟ. ದೋಣಿ ಬಂಡೆಸಾಲು ದಾಟಿದ ಮೇಲೆ ಅವಳು ತಿರುಗಿ ನೋಡಿದಳು. ಅವನು ದಡದಲ್ಲಿರಲಿಲ್ಲ. ಅಳತೆಗಂಬದ ಬಳಿ ಬಗ್ಗಿ, ನೀರಿನ ಮಟ್ಟ ನೋಡಿ ಪುಸ್ತಕದಲ್ಲಿ ಏನೋ ಬರೆಯುತ್ತಿದ್ದ. ಹತ್ತು ಗಂಟೆಯ ಅಳತೆ.

ಹೊನ್ನಾವರದ ದಕ್ಕೆಯಲ್ಲಿ ಇಳಿಯುವಾಗ ಫೋನಿಗೆ ಸಿಗ್ನಲ್ ಬಂತು. ಓಬಳಮ್ಮ ನಾಲ್ಕು ಸಲ ಮಾಡಿದ್ದಳು. ಪಂಕಜಾಕ್ಷಿ ಕಾರಿನಲ್ಲಿ ಕುಳಿತು ಅವಳಿಗೆ ಫೋನು ಹಚ್ಚಿದಳು. ಓಬಳಮ್ಮ ಮೊದಲು ಕೇಳಿದ್ದು ಮೇಷ್ಟ್ರ ಮೈ ಹೇಗಿದೆ ಎಂದು. ಚೆನ್ನಾಗಿದೆ, ಒಂದು ಗುಳ್ಳೆಯೂ ಎದ್ದಿಲ್ಲ ಎಂದು ಪಂಕಜಾಕ್ಷಿ ಹೇಳಿದಳು. ಆ ಕಡೆಯಿಂದ ದೇವರ ಹೆಸರು ಹೇಳಿಕೊಂಡದ್ದು ಕೇಳಿಸಿತು.

"ನೀವು ಹೆಂಗಿದೀರ ಡಾಕ್ಟ್ರಮ್ಮ?" ಎಂದು ಓಬಳಮ್ಮ ಕೇಳಿದಳು.

ದಕ್ಕೆಯ ಮೇಲೆ ಹೆಂಗಸರು ಬುಟ್ಟಿಗಳಿಗೆ ಮೀನು ತುಂಬುತ್ತಿದ್ದರು.

"ನಾಳೆ ಎಷ್ಟು ಜನ ಬರೋರಿದ್ದಾರೆ?" ಎಂದಳು ಪಂಕಜಾಕ್ಷಿ.

"ಹನ್ನೊಂದು ಜನ."

"ಬೆಳಿಗ್ಗೆ ಎಂಟಕ್ಕೇ ಬರೋದಕ್ಕೆ ಹೇಳು," ಎಂದು ಹೇಳಿ ಅವಳು ಕಾರು ಶುರುಮಾಡಿದಳು.